ಕಾಗೆ ಕೂತಿತು, ಕೊಂಬೆ ಮುರಿಯಿತು

‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಲ್ಲ ಎಂಬ ವಿವೇಕ ಅದರೊಳಗಿದೆ. ಪಂಡಿತರು ಕಾಕತಾಳೀಯ ಎಂದದ್ದೂ ಇದನ್ನೇ. ಈ ಮಾತನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತವರು ಕಾಗೆಗೂ ಕೊಂಬೆಗೂ ನಡುವೆ ‘ದೆನ್’ ಇಡಬೇಕೋ ‘ದೇರ್‌ಫೋರ್’ ಇಡಬೇಕೋ ಎಂದು ತೀರ್ಮಾನಿಸಬೇಕಾಗುತ್ತದೆ. ಮೊದಲನೆಯದನ್ನು ಇಟ್ಟರೆ ಕೊಂಬೆ ಆಮೇಲೆ ಮುರಿಯಿತು, ಅಷ್ಟೆ. ಎರಡನೆಯದನ್ನು ಇಟ್ಟರೆ ಮುರಿದದ್ದು ಕಾಗೆಯೇ.

ಕಾಲವನ್ನೂ ಪರಿಣಾಮವನ್ನೂ ಹೇಳುವ ಇಂಗ್ಲಿಷ್ ಕ್ರಿಯಾವಿಶೇಷಣಗಳನ್ನು ನಾವು ಕಲಿಸುತ್ತಿರುವ ಬಗೆ ಈ ತೀರ್ಮಾನಕ್ಕೆ ಮಕ್ಕಳನ್ನು ಸಿದ್ಧಪಡಿಸುತ್ತಿಲ್ಲ. ವರ್ಷಗಟ್ಟಲೆ ವಿದ್ಯಾರ್ಥಿಗಳ ಬರಹ ತಿದ್ದಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು. ಪದಗಳ ಪಟ್ಟಿ ಅವರಿಗೆ ಬಾಯಿಪಾಠವಾಗಿರುತ್ತದೆ. ಪದ ನಿಲ್ಲಬೇಕಾದ ಜಾಗ ಗೊತ್ತಿರುವುದಿಲ್ಲ.

1930ರ ದಶಕದಲ್ಲಿ ಬಂದು ಇಂದಿಗೂ ನಮ್ಮ ಮನೆಗಳ ಕಪಾಟಿನಲ್ಲಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನೇ ನೋಡೋಣ. ಕ್ರಿಯಾವಿಶೇಷಣಗಳನ್ನು ಅದು ಅರ್ಥದ ಪ್ರಕಾರ ಗುಂಪು ಮಾಡುತ್ತದೆ: ಕಾಲದ್ದು ಒಂದು ಗುಂಪು, ಸ್ಥಳದ್ದು ಒಂದು, ರೀತಿಯದ್ದು ಒಂದು, ಕಾರಣದ್ದು ಇನ್ನೊಂದು. ಒಂದೊಂದಕ್ಕೂ ಚಿಕ್ಕ ಚಿಕ್ಕ ಉದಾಹರಣೆಗಳು. ಈ ಅಚ್ಚುಕಟ್ಟುತನದಿಂದ ನಮ್ಮ ಎಷ್ಟೋ ತಲೆಮಾರುಗಳಿಗೆ ಉಪಕಾರವಾಗಿದೆ, ಅದನ್ನು ಮರೆಯಬಾರದು. ನಿನ್ನೆ, ಈಗ, ಬೇಗ ಎಂಬಂಥ ಕಾಲಸೂಚಕಗಳಿಗೆ ಈ ಕ್ರಮ ಸಾಕು, ಏಕೆಂದರೆ ಅವುಗಳ ಕೆಲಸ ಒಂದೇ ವಾಕ್ಯದೊಳಗೆ ಮುಗಿಯುತ್ತದೆ. ‘ದೇರ್‌ಫೋರ್’, ‘ಹೆನ್ಸ್’, ‘ದಸ್’, ‘ಕಾನ್ಸಿಕ್ವೆಂಟ್ಲಿ’ಗಳ ಸಂಗತಿ ಬೇರೆ. ಅವು ಬದುಕುವುದು ಎರಡು ವಾಕ್ಯಗಳ ನಡುವೆ. ಹಿಂದಿನ ವಾಕ್ಯವನ್ನು ಕಿತ್ತುಹಾಕಿ ‘ಆದ್ದರಿಂದ ಅವನು ಶಾಲೆ ಬಿಟ್ಟ’ ಎಂದಷ್ಟೇ ಬರೆದು ತೋರಿಸಿದರೆ, ಹೊಳೆಯಿಲ್ಲದ ಕಡೆ ಸೇತುವೆ ಕಟ್ಟಿ ತೋರಿಸಿದಂತೆ. ಯಾವುದರಿಂದ ಬಿಟ್ಟ ಎಂಬ ಪ್ರಶ್ನೆಯೇ ಮಗುವಿಗೆ ಏಳುವುದಿಲ್ಲ. ವಾಕ್ಯಗಳನ್ನು ಜೋಡಿಸುವ ಪಾಠ ಬೇರೆ ಕಡೆ ಬರುತ್ತದೆ, ನಿಜ. ಅಷ್ಟು ಹೊತ್ತಿಗೆ ಪದದ ಅರ್ಥ ಬಾಯಿಪಾಠವಾಗಿ, ಅದರ ಕೆಲಸ ಕಾಣದೇ ಹೋಗಿರುತ್ತದೆ.

ಇದರ ಫಲ ಉತ್ತರಪತ್ರಿಕೆಗಳಲ್ಲಿ ಕಾಣುತ್ತದೆ. ಪ್ರಬಂಧದ ಪ್ರತಿ ಪ್ಯಾರಾ ‘ಹೆನ್ಸ್’ ಅಥವಾ ‘ದಸ್’ನಿಂದ ಶುರುವಾಗುತ್ತದೆ; ಮೇಲಿನ ಪ್ಯಾರಾದಲ್ಲಿ ಅಂಥ ತೀರ್ಮಾನಕ್ಕೆ ಆಧಾರವೇ ಇರುವುದಿಲ್ಲ. ಪದವನ್ನು ಒಡವೆಯ ಹಾಗೆ ತೊಡಿಸಲಾಗಿದೆ. ‘ಆದ್ದರಿಂದ’ ಎನ್ನುವವನು ಕೇಳುವವರಿಗೆ ಒಂದು ಮಾತು ಕೊಟ್ಟಿರುತ್ತಾನೆ: ಕಾರಣವನ್ನು ಈಗಷ್ಟೇ ಹೇಳಿದ್ದೇನೆ, ಹಿಂತಿರುಗಿ ನೋಡಿ ಎಂದು. ಕಾರಣ ಅಲ್ಲಿ ಇಲ್ಲದಿದ್ದರೆ ಆ ಮಾತು ಸುಳ್ಳಾಗುತ್ತದೆ. ವ್ಯಾಕರಣದ ತಪ್ಪಿಗಿಂತ ಇದು ದೊಡ್ಡ ತಪ್ಪು.

ಇನ್ನೊಂದು ಕಡೆ ಕನ್ನಡದ ಜಾಡು ಇಂಗ್ಲಿಷಿನ ಮೇಲೆ ಬೀಳುತ್ತದೆ. ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬುದು ‘ಸಿನ್ಸ್ ಫೈವ್ ಇಯರ್ಸ್’ ಆಗುತ್ತದೆ. ನಮ್ಮ ‘ಇಂದ’ ಪ್ರತ್ಯಯ ಶುರುವಾದ ಗಳಿಗೆಯನ್ನೂ ಕಳೆದ ಅವಧಿಯನ್ನೂ ಒಟ್ಟಿಗೆ ಹೊರುತ್ತದೆ. ಇಂಗ್ಲಿಷ್ ಶುರುವಾದ ಗಳಿಗೆಗೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂದು ಹಂಚುತ್ತದೆ. ‘ಇನ್ನೂ ಬಂದಿಲ್ಲ’ ಎಂಬಲ್ಲಿನ ‘ಇನ್ನೂ’ಗೆ ಅಲ್ಲಿ ಎರಡು ಪದಗಳಿವೆ. ಬರಬೇಕಾದವರು ಬಂದಿಲ್ಲ ಎಂದಷ್ಟೇ ಹೇಳುವಾಗ ‘ಯೆಟ್’; ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂಬ ಬೇಸರ ಸೇರಿದಾಗ ‘ಸ್ಟಿಲ್’. ‘ಎರಡು ದಿನದ ಹಿಂದೆ’ ಎಂಬುದನ್ನು ನಮ್ಮವರು ‘ಬಿಫೋರ್ ಟೂ ಡೇಸ್’ ಎಂದು ಹೇಳಿಬಿಡುತ್ತಾರೆ. ಈ ಗಳಿಗೆಯಿಂದ ಹಿಂದಕ್ಕೆ ಎಣಿಸುವಾಗ ಬೇಕಾದದ್ದು ‘ಅಗೋ’. ಕಳೆದುಹೋದ ಯಾವುದೋ ಗಳಿಗೆಯಿಂದ ಇನ್ನೂ ಹಿಂದಕ್ಕೆ ಎಣಿಸುವಾಗ ‘ಬಿಫೋರ್’, ಅದೂ ‘ಟೂ ಡೇಸ್’ ಆದ ಮೇಲೆ.

ಇವನ್ನೆಲ್ಲ ಕನ್ನಡದ ಕೊರತೆ ಎಂದು ಬೈಯುವ ಮೇಷ್ಟ್ರುಗಳಿದ್ದಾರೆ. ಅದು ಅನ್ಯಾಯ. ಈ ಪದಗಳ ಅಂತರಂಗ ತೆರೆಯುವ ಬೀಗದ ಕೈ ಕನ್ನಡದಲ್ಲೇ ಇದೆ. ‘ಊರಿನಿಂದ ಬಂದ’ ಎಂದಾಗ ‘ಇಂದ’ ಸ್ಥಳವನ್ನು ಹೇಳುತ್ತದೆ. ‘ಸೋಮವಾರದಿಂದ ಶಾಲೆ’ ಎಂದಾಗ ಕಾಲವನ್ನು. ‘ಮಳೆಯಿಂದ ಬೆಳೆ ಹಾಳಾಯಿತು’ ಎಂದಾಗ ಕಾರಣವನ್ನು. ಇಂಗ್ಲಿಷಿನ ‘ಹೆನ್ಸ್’ ನಡೆದು ಬಂದದ್ದೂ ಇದೇ ದಾರಿಯಲ್ಲಿ. ಮೂಲದಲ್ಲಿ ಅದು ‘ಇಲ್ಲಿಂದ’, ಆಮೇಲೆ ‘ಈಗಿನಿಂದ’, ಕೊನೆಗೆ ‘ಇದರಿಂದ, ಆದಕಾರಣ’. ‘ಟೂ ಇಯರ್ಸ್ ಹೆನ್ಸ್’ ಎಂದರೆ ಇಂದಿಗೆ ಎರಡು ವರ್ಷ ಕಳೆದ ಮೇಲೆ ಎಂಬ ಅರ್ಥ ಈಗಲೂ ಉಳಿದಿದೆ. ‘ಹೆನ್ಸ್’ನೊಳಗೇ ‘ಇಂದ’ ಅಡಗಿರುವಾಗ ಅದರ ಹಿಂದೆ ಇನ್ನೊಂದು ‘ಫ್ರಮ್’ ಏಕೆ ಎಂದು 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಆಕ್ಷೇಪಿಸಿದ್ದು ಕನ್ನಡಿಗರಿಗೆ ತಟ್ಟನೆ ತಿಳಿಯುತ್ತದೆ. ‘ಸಿನ್ಸ್’ ಕೂಡ ‘ಅದಾದ ಮೇಲೆ’ ಎಂಬಲ್ಲಿ ಹುಟ್ಟಿ ‘ಏಕೆಂದರೆ’ಗೆ ಬಂದ ಪದ. ನಾವು ‘ನೀನು ಬಂದ ಮೇಲೆ ನನಗೇನು ಚಿಂತೆ’ ಎನ್ನುವಾಗ ಆ ‘ಮೇಲೆ’ ಕಾಲವನ್ನು ದಾಟಿ ಕಾರಣವಾಗುವುದಿಲ್ಲವೇ, ಹಾಗೆ. ‘ಸಿನ್ಸ್’ ಅನ್ನು ಕಾರಣಕ್ಕೆ ಬಳಸಲೇಬಾರದು ಎನ್ನುವ ಕಟ್ಟುನಿಟ್ಟಿನವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ. ಎರಡು ಅರ್ಥಕ್ಕೆ ಎಡೆಯಾಗುವ ಕಡೆ ಮಾತ್ರ ‘ಬಿಕಾಸ್’ ಬರೆದರೆ ಆಯಿತು.

ಅರ್ಥದ ಎಚ್ಚರ ನಿಜವಾಗಿ ಬೇಕಾಗುವುದು ‘ಸಬ್ಸಿಕ್ವೆಂಟ್ಲಿ’, ‘ಕಾನ್ಸಿಕ್ವೆಂಟ್ಲಿ’ ಎಂಬ ಜೋಡಿಯಲ್ಲಿ. ಎರಡರ ಬೇರೂ ‘ಹಿಂಬಾಲಿಸು’ ಎಂಬ ಒಂದೇ ಲ್ಯಾಟಿನ್ ಧಾತು. ಮೊದಲನೆಯದು ಕಾಲದಲ್ಲಿ ಹಿಂದೆ ಬಂದದ್ದು, ಎರಡನೆಯದು ಫಲವಾಗಿ ಬಂದದ್ದು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಇಂಜೆಕ್ಷನ್ ಕೊಡಲಾಯಿತು’ ಎಂಬ ಸಾಲಿನ ಮುಂದೆ ‘ರೋಗಿಗೆ ಉಸಿರಾಟದ ತೊಂದರೆಯಾಯಿತು’ ಎಂದು ಬರೆಯಬೇಕಾಗಿದೆ ಎಂದುಕೊಳ್ಳಿ. ನಡುವೆ ಮೊದಲ ಪದವಿದ್ದರೆ ಅದು ಕಂಡದ್ದರ ವರದಿ. ಎರಡನೆಯದಿದ್ದರೆ ಔಷಧಿಯ ಮೇಲೂ ಕೊಟ್ಟವರ ಮೇಲೂ ಹೊರಿಸಿದ ಹೊಣೆ. ಅಪಘಾತದ ದೂರು, ವಿಮೆಯ ಅರ್ಜಿ, ವಿಚಾರಣಾ ವರದಿ, ಎಲ್ಲ ಕಡೆಯೂ ಇದೇ ಕಥೆ. ಕರ್ನಾಟಕದಲ್ಲಿ ಇಂಥ ಕಾಗದಗಳನ್ನು ಇಂಗ್ಲಿಷಿನಲ್ಲಿ ಬರೆಯುವವರಲ್ಲಿ ಎಷ್ಟೋ ಜನ ಕನ್ನಡದಲ್ಲಿ ಯೋಚಿಸುವವರೇ. ಗಾಂಭೀರ್ಯ ಬರಲೆಂದು ಉದ್ದದ ಪದ ಹುಡುಕುವಾಗ ಕೈಗೆ ಯಾವುದು ಸಿಗುತ್ತದೋ ಅದು ಒಬ್ಬರ ತಲೆಯ ಮೇಲೆ ಕೂರಬಹುದು.

ವಿರಾಮಚಿಹ್ನೆಯ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕನ್ನಡದಲ್ಲಿ ‘ಮಳೆ ಬಂತು, ಆದ್ದರಿಂದ ಬರಲಿಲ್ಲ’ ಎಂದು ಅಲ್ಪವಿರಾಮ ಹಾಕಿ ಸಾಗಬಹುದು; ಇಂಗ್ಲಿಷಿನಲ್ಲಿ ‘ಸೋ’ಗೆ ಮೊದಲು ಅದು ನಡೆಯುತ್ತದೆ, ‘ದೇರ್‌ಫೋರ್’ ಎಂಬುದಕ್ಕೆ ಮೊದಲು ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕುವುದು ಕ್ರಮ, ಇಲ್ಲವೇ ‘ಆ್ಯಂಡ್’ ಸೇರಿಸಬೇಕು.

ಹಾಗಾದರೆ ಕಲಿಸುವುದು ಹೇಗೆ? ನನ್ನ ಅನುಭವದಲ್ಲಿ ಫಲ ಕೊಟ್ಟ ದಾರಿ ಕನ್ನಡದ ಮೂಲಕವೇ ಹೋಗುತ್ತದೆ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಬಾರದೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಒಂದು ಭಾಷೆಯ ಒಳಗಿನ ನಡೆಯನ್ನು ಗೌರವಿಸಬೇಕೆಂಬ ಆ ಮಾತು ಇಂಗ್ಲಿಷ್ ತರಗತಿಗೂ ಸಲ್ಲುತ್ತದೆ. ಮಗುವಿನ ತಲೆಯಲ್ಲಿ ಆಗಲೇ ಇರುವ ವ್ಯಾಕರಣವನ್ನು ಬಾಗಿಲ ಹೊರಗೆ ನಿಲ್ಲಿಸಿ ಪಾಠ ಮಾಡುವುದು ತರವಲ್ಲ.

ಹಲಗೆಯ ಮೇಲೆ ಎರಡು ವಾಕ್ಯ ಬರೆದು ನಡುವೆ ಜಾಗ ಬಿಡಬೇಕು. ಮೊದಲು ಕನ್ನಡದಲ್ಲೇ ಕೇಳಬೇಕು. ‘ಕಾಗೆ ಕೂತು ಕೊಂಬೆ ಮುರಿಯಿತು’ ಎಂದರೆ ಎರಡರ ಸಂಬಂಧ ಏನೆಂದು ಗೊತ್ತಾಗುವುದಿಲ್ಲ. ‘ಕೂತು’ ಎಂಬ ರೂಪ ಕಾಲವನ್ನೂ ಕಾರಣವನ್ನೂ ಒಂದೇ ಹೊದಿಕೆಯಲ್ಲಿ ಮುಚ್ಚುತ್ತದೆ. ಬಿಡಿಸಿ ಹೇಳು ಎಂದರೆ ಮಗು ‘ಕೂತ ಮೇಲೆ’ ಎನ್ನಬೇಕು, ಇಲ್ಲವೇ ‘ಕೂತಿದ್ದರಿಂದ’ ಎನ್ನಬೇಕು. ಯಾವುದು ಎಂದು ಕೇಳಿದಾಗ ತರಗತಿಯಲ್ಲಿ ಗದ್ದಲವೇಳುತ್ತದೆ. ಕೊಂಬೆ ಒಣಗಿತ್ತೇ, ಗಾಳಿ ಬೀಸುತ್ತಿತ್ತೇ, ಕಾಗೆಯ ಭಾರ ಎಷ್ಟು ಎಂದು ಮಕ್ಕಳು ವಾದಿಸುತ್ತಾರೆ. ಆ ಗದ್ದಲ ತಣಿಯುವ ತನಕ ಇಂಗ್ಲಿಷ್ ಪದ ಬರೆಯುವ ಆತುರ ಬೇಡ. ವಾದ ಮುಗಿದು ಒಮ್ಮತ ಬಂದ ಮೇಲೆ, ನಡುವಿನ ಖಾಲಿ ಜಾಗಕ್ಕೆ ಬರಬೇಕಾದ ಪದ ಯಾವುದೆಂದು ಮಕ್ಕಳೇ ಹೇಳುತ್ತಾರೆ. ಕಾಗೆಯ ಮೇಲೆ ತಪ್ಪು ಹೊರಿಸಲು ಸಾಕ್ಷಿ ಇಲ್ಲವೆಂದು ಕಂಡ ಮಗು ‘ದೇರ್‌ಫೋರ್’ ಅನ್ನು ತಾನೇ ಕೈಬಿಡುತ್ತದೆ.