ಮಕ್ಕಳ ಹಕ್ಕು, ಮೇಷ್ಟ್ರ ತಾರೀಖು

ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವುದು ಬೇರೆಯದೇ ಕಸುಬು. ಹಿಂದಿನ ಟಿಸಿಎಚ್, ಡಿ.ಎಡ್., ಈಗಿನ ಡಿ.ಎಲ್.ಎಡ್. ಎಲ್ಲವೂ ಅದಕ್ಕಾಗಿಯೇ ರೂಪುಗೊಂಡ ತರಬೇತಿಗಳು. ಬಿ.ಎಡ್. ಇನ್ನೂ ಮೇಲಿನ ಓದಲ್ಲವೇ, ಅದನ್ನೇಕೆ ಒಪ್ಪಬಾರದು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಕೇರಳ ಮತ್ತು ದೆಹಲಿಯ ಪ್ರಕರಣಗಳಲ್ಲಿ 2003ರಲ್ಲೇ ತಳ್ಳಿಹಾಕಿತ್ತು.

ಆದರೂ 2018ರ ಜೂನ್ 28ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಬಿ.ಎಡ್. ಆದವರಿಗೂ ಒಂದರಿಂದ ಐದನೇ ತರಗತಿಯ ಬಾಗಿಲು ತೆರೆಯಿತು. ಷರತ್ತು ಒಂದೇ: ಕೆಲಸಕ್ಕೆ ಸೇರಿದ ಎರಡು ವರ್ಷದೊಳಗೆ ಆರು ತಿಂಗಳ ಸೇತು ಕೋರ್ಸ್ ಮುಗಿಸಬೇಕು. ಅಂದರೆ ಕಲಿಸುವುದು ಮೊದಲು, ಕಲಿಸುವುದನ್ನು ಕಲಿಯುವುದು ಆಮೇಲೆ. ಈ ಅಧಿಸೂಚನೆಯನ್ನು ರಾಜಸ್ಥಾನ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು.

ಆ ತೀರ್ಪಿನ ಬಲ ಇರುವುದು ಎರಡು ಕಡೆ. ಗುಣಮಟ್ಟವಿಲ್ಲದ ಶಿಕ್ಷಣ ಕೊಟ್ಟರೆ ಶಿಕ್ಷಣದ ಹಕ್ಕಿಗೆ ಅರ್ಥವಿಲ್ಲ ಎಂದು ಅದು ನೇರವಾಗಿ ಹೇಳಿತು. ಅಧಿಸೂಚನೆ ಎನ್‌ಸಿಟಿಇಯ ಸ್ವತಂತ್ರ ಶೈಕ್ಷಣಿಕ ನಿರ್ಧಾರವಲ್ಲ, ಕೇಂದ್ರ ಸರ್ಕಾರದ ಸೂಚನೆಯ ಪಾಲನೆ ಎಂಬುದನ್ನೂ ಗುರುತಿಸಿತು. ಇಲ್ಲಿಯವರೆಗೆ ಆಕ್ಷೇಪಿಸಲು ಏನೂ ಇಲ್ಲ.

ತೊಡಕು ಶುರುವಾಗುವುದು ಪರಿಹಾರದಲ್ಲಿ. ತೀರ್ಪಿಗೆ ಮೊದಲೇ ಕ್ರಮಬದ್ಧವಾಗಿ ನೇಮಕವಾದವರ ಕೆಲಸ ಉಳಿಯುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಸ್ಪಷ್ಟನೆ ಬಂತು. ಸರ್ಕಾರದ ಮಾತು ನಂಬಿ ಸೇರಿದವರನ್ನು ಬೀದಿಗೆ ತಳ್ಳಬಾರದು ಎಂಬ ಕಾಳಜಿ ಸರಿಯೇ. ಆದರೆ ಆಗಸ್ಟ್ 10ರಂದು ನೇಮಕವಾದವರು ತಕ್ಕವರು, 12ರಂದು ಆದವರು ತಕ್ಕವರಲ್ಲ ಎಂಬ ಭೇದ ಮಗುವಿಗೆ ಗೊತ್ತಾಗುವುದಿಲ್ಲ. ಹಕ್ಕಿನಿಂದ ಹೊರಟ ವಾದ ಸೇವಾ ನಿಯಮದಲ್ಲಿ ಬಂದು ನಿಂತಿತು. ಛತ್ತೀಸ್‌ಗಢದಲ್ಲಿ ಈ ರಕ್ಷಣೆಯೂ ದಕ್ಕಲಿಲ್ಲ. ಅಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಬಿ.ಎಡ್. ಶಿಕ್ಷಕರು ಕೆಲಸ ಕಳೆದುಕೊಂಡರು. 2025ರಲ್ಲಿ ರಾಜ್ಯ ಸಚಿವ ಸಂಪುಟ ಅವರನ್ನು ವಿಜ್ಞಾನ ಪ್ರಯೋಗಾಲಯದ ಸಹಾಯಕ ಶಿಕ್ಷಕರ ಹುದ್ದೆಗೆ ಸೇರಿಸಿಕೊಳ್ಳಲು ತೀರ್ಮಾನಿಸಿತು.

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್‌ಐಒಎಸ್) ಡಿಪ್ಲೊಮಾದ ಕತೆಯೂ ಇದೇ ಜಾಡಿನದು. ತರಬೇತಿಯಿಲ್ಲದೆ ಪಾಠ ಮಾಡುತ್ತಿದ್ದವರಿಗೆ ಶಿಕ್ಷಣ ಹಕ್ಕು ಕಾಯ್ದೆಯ 2017ರ ತಿದ್ದುಪಡಿ 2019ರ ಮಾರ್ಚ್ 31ರ ಗಡುವು ಕೊಟ್ಟಿತು. ಅವರಿಗಾಗಿ ಎರಡು ವರ್ಷದ ಡಿ.ಎಲ್.ಎಡ್. ಅನ್ನು ದೂರಶಿಕ್ಷಣದಲ್ಲಿ 18 ತಿಂಗಳಿಗೆ ಇಳಿಸಲಾಯಿತು. ಇದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲ ಎಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದು ಗಡುವಿನೊಳಗೆ ಮುಗಿಸಿದವರು ಬೇರೆ ಶಾಲೆಗಳಿಗೂ ಅರ್ಜಿ ಹಾಕಬಹುದು ಎಂದು 2024ರ ಡಿಸೆಂಬರ್‌ನಲ್ಲಿ ತಿದ್ದಿತು. ಪಾಠಪಟ್ಟಿ ಒಂದೇ, ಪರೀಕ್ಷೆ ಒಂದೇ. ಬೆಲೆ ಮಾತ್ರ ಅಭ್ಯರ್ಥಿ ಆ ದಿನ ಎಲ್ಲಿದ್ದರು ಎಂಬುದರ ಮೇಲೆ. ತರಗತಿಯ ಅನುಭವ ಕೊರತೆ ತುಂಬುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಆ ಅನುಭವ ಎಂಥದು ಎಂದು ಅಳೆಯುವ ವ್ಯವಸ್ಥೆ ಮಾತ್ರ ಇಲ್ಲ.

ಎರಡೂ ಪ್ರಕರಣಗಳಲ್ಲಿ ಒಂದು ಸಾಮ್ಯ ಕಾಣುತ್ತದೆ. ಕೋರ್ಸಿಗೆ ಮುದ್ರೆ ಒತ್ತಿದ್ದು ಎನ್‌ಸಿಟಿಇ. ಉದ್ಯೋಗ, ವಯೋಮಿತಿ, ಶುಲ್ಕ ಎಲ್ಲ ಕಳೆದುಕೊಂಡದ್ದು ಅಭ್ಯರ್ಥಿ. ಅರೆತಯಾರಿಯ ಪಾಠ ಕೇಳಿದ್ದು ಮಕ್ಕಳು. ನ್ಯಾಯಾಲಯ ಪರಿಷತ್ತನ್ನು ಟೀಕಿಸಿತೇ ಹೊರತು ಅದಕ್ಕೆ ನಷ್ಟದ ಹೊಣೆ ಹೊರಿಸಲಿಲ್ಲ. ಸೇತು ಕೋರ್ಸನ್ನು ನೇಮಕದ ನಂತರದ ಔಪಚಾರಿಕತೆಯಾಗಿ ಇಡದೆ, ತರಗತಿಗೆ ಕಾಲಿಡುವ ಮೊದಲೇ ಪರಿಷತ್ತಿನ ಖರ್ಚಿನಲ್ಲಿ ಕಡ್ಡಾಯ ಮಾಡಿದ್ದರೆ ತೀರ್ಪಿನ ತತ್ವ ಶಾಲೆಯೊಳಗೆ ಹೋಗುತ್ತಿತ್ತು. ಮಾನ್ಯತೆ ಕೊಡುವವರಿಗೆ ತಪ್ಪಿನ ಬೆಲೆ ತಟ್ಟದಿರುವವರೆಗೆ ಇಂಥ ಅರ್ಜಿಗಳು ನಿಲ್ಲುವುದಿಲ್ಲ.