ಹೊಳೆಯ ಈ ದಂಡೆ, ಆ ದಂಡೆ: ಚಿಕಿತ್ಸೆಗಳ ತುಲನೆಯಲ್ಲಿ ಕಾರಣವಿಚಾರ

ಪಿ.ಜೆ. ಬಡಾವಣೆಯ ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಕಳೆದ ವರ್ಷ ಒಂದು ಸಂಜೆ ಬಟ್ಟೆಯ ಚೀಲವೊಂದನ್ನು ಹಿಡಿದು ಮನೆಗೆ ಬಂದರು. ಚೀಲದ ತುಂಬ ವೈದ್ಯರ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಔಷಧದಂಗಡಿಯ ಬಿಲ್ಲುಗಳು. ಅವರಿಗೂ ಅವರ ತಮ್ಮನಿಗೂ ಮೂತ್ರಪಿಂಡದ ಕಲ್ಲಿನ ಬಾಧೆ. ಇವರಿಗೆ ಬಹಳ ಹಿಂದೆ ಪಕ್ಕೆಯನ್ನು ಕೊಯ್ದು ಕಲ್ಲು ತೆಗೆದಿದ್ದರು. ತಮ್ಮನಿಗೆ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆದರು. ತಮ್ಮ ನೆಮ್ಮದಿಯಿಂದಿದ್ದಾನೆ, ಇವರಿಗೆ ಬಾಧೆ ಮರಳಿತು. "ಹಾಗಾದರೆ ನನಗೆ ಮಾಡಿದ ಚಿಕಿತ್ಸೆಯೇ ಕೀಳು ಎಂದಾಯಿತಲ್ಲವೆ ಮೇಷ್ಟ್ರೇ? ನೀವು ಓದಿಕೊಂಡವರು, ಹೇಳಿ" ಎಂದರು.

ವೈದ್ಯರ ನಾಮಫಲಕಗಳು ಒತ್ತೊತ್ತಾಗಿರುವ ಈ ಬಡಾವಣೆಯಲ್ಲಿ ಇಂತಹ ಪ್ರಶ್ನೆ ಹೊಸದಲ್ಲ. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಜನರು ನೆರೆಯವರ ಅನುಭವದಿಂದಲೇ ನಿರ್ಧರಿಸುತ್ತಾರೆ. ಒಬ್ಬ ನೆರೆಯವನ ಬದಲು ಸಾವಿರ ನೆರೆಯವರ ದಾಖಲೆಗಳನ್ನು ಒಟ್ಟುಗೂಡಿಸಿದರೆ ಸತ್ಯವು ತಾನಾಗಿ ಹೊರಬರುವುದೆಂಬ ನಂಬಿಕೆ ಈಗ ವಿದ್ಯಾವಂತರಲ್ಲಿ ಬೇರೂರುತ್ತಿದೆ. ಆ ನಂಬಿಕೆಯನ್ನು, ಅದರಿಂದ ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ಅಧ್ಯಯನವನ್ನು ಮುಂದಿಟ್ಟುಕೊಂಡು, ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿರಿಯರ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರವಿದೆ; ಆದರೆ ಅದು ವಿಚಿತ್ರವಾದ ಉತ್ತರ. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗಳ ತುಲನೆಯೊಂದು ಪ್ರಕಟವಾಯಿತು. ಕೊಯ್ದು ತೆಗೆದ 350 ರೋಗಿಗಳಲ್ಲಿ 273 ಮಂದಿಗೆ, ಅಂದರೆ ಶೇಕಡಾ 78ರಷ್ಟು ಜನರಿಗೆ ಗುಣವಾಗಿತ್ತು. ರಂಧ್ರದ ಮೂಲಕ ತೆಗೆದ 350ರಲ್ಲಿ 289 ಮಂದಿಗೆ, ಅಂದರೆ ಶೇಕಡಾ 83ರಷ್ಟು ಜನರಿಗೆ. ಇಷ್ಟನ್ನೇ ನೋಡಿದರೆ ತಮ್ಮನ ಚಿಕಿತ್ಸೆಯೇ ಮೇಲು. 1994ರಲ್ಲಿ ಅದೇ ಪತ್ರಿಕೆಯಲ್ಲಿ ಜೂಲಿಯಸ್ ಮತ್ತು ಮುಲ್ಲೀ ಎಂಬ ಇಬ್ಬರು ಅವೇ ಅಂಕಿಗಳನ್ನು ಕಲ್ಲಿನ ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ ತೋರಿಸಿದರು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಕೊಯ್ದು ತೆಗೆದ 87ರಲ್ಲಿ 81, ರಂಧ್ರದ ಮೂಲಕ ತೆಗೆದ 270ರಲ್ಲಿ 234 ಗುಣ. ಶೇಕಡಾ 93 ಮತ್ತು 87. ದೊಡ್ಡ ಕಲ್ಲುಗಳಲ್ಲಿ 263ರಲ್ಲಿ 192, 80ರಲ್ಲಿ 55. ಶೇಕಡಾ 73 ಮತ್ತು 69. ಚಿಕ್ಕ ಕಲ್ಲಿನಲ್ಲಿಯೂ ಕೊಯ್ಯುವುದೇ ಮೇಲು, ದೊಡ್ಡ ಕಲ್ಲಿನಲ್ಲಿಯೂ ಕೊಯ್ಯುವುದೇ ಮೇಲು. ಎರಡನ್ನೂ ಕೂಡಿಸಿದರೆ ಮಾತ್ರ ಕೀಳು! ಗಣಿತದ ತಪ್ಪು ಎಲ್ಲಿಯೂ ಇಲ್ಲ. ಗುಣವಾಗುವುದು ಕಷ್ಟವಾದ ದೊಡ್ಡ ಕಲ್ಲುಗಳಿಗೆ ಹೆಚ್ಚಾಗಿ ಕೊಯ್ಯುವ ಚಿಕಿತ್ಸೆಯೇ ನಡೆದಿತ್ತು, ಅಷ್ಟೆ.

ದಾಖಲೆಯಲ್ಲಿ ಔಷಧದ ಫಲವೊಂದೇ ಇರುವುದಿಲ್ಲ. ಯಾರಿಗೆ ಯಾವುದನ್ನು ಕೊಡಬೇಕೆಂದು ವೈದ್ಯನು ಮಾಡಿದ ಆಯ್ಕೆಯೂ ಆ ಫಲದೊಳಗೆ ಕಲೆತುಹೋಗಿರುತ್ತದೆ. ಆಯ್ಕೆಯನ್ನು ಫಲದಿಂದ ಬಿಡಿಸದೆ ಲಕ್ಷ ದಾಖಲೆಗಳನ್ನು ಸೇರಿಸಿದರೂ ತಪ್ಪು ದೊಡ್ಡದಾಗುವುದೇ ಹೊರತು ಸರಿಯಾಗುವುದಿಲ್ಲ.

ನಮ್ಮ ನ್ಯಾಯಶಾಸ್ತ್ರಕ್ಕೆ ಇದು ಅಪರಿಚಿತವಾದ ಸಂಕಟವೇನಲ್ಲ. ಗರ್ಭದಲ್ಲಿರುವ ಮೈತ್ರೀತನಯನ ಉದಾಹರಣೆಯನ್ನು ಓದುಗರು ಬಲ್ಲರು. ಮೈತ್ರಿಯ ಹಿಂದಿನ ಮಕ್ಕಳೆಲ್ಲರೂ ಕಪ್ಪು. ಆದುದರಿಂದ ಹುಟ್ಟಲಿರುವವನೂ ಕಪ್ಪಾಗಿರಬೇಕು ಎಂಬ ಅನುಮಾನ ಅದು. ಹೇತುವು ಪಕ್ಷದಲ್ಲಿದೆ, ಸಪಕ್ಷದಲ್ಲಿದೆ, ವಿಪಕ್ಷದಲ್ಲಿಲ್ಲ. ಬೌದ್ಧರು ಹೇಳಿದ ಮೂರು ಲಕ್ಷಣಗಳೂ ಇವೆ. ಆದರೂ ಅನುಮಾನ ನಿಲ್ಲದು. ನೈಯಾಯಿಕರು ಇದಕ್ಕೆ ಕಾರಣ ಉಪಾಧಿ ಎಂದರು: ಮಕ್ಕಳ ಕಪ್ಪು ಬಣ್ಣಕ್ಕೆ ತಾಯಿಯ ಆಹಾರದಂತಹ ಬೇರೊಂದು ಕಾರಣವಿದ್ದು, ಅದು ಮಗನೆಂಬ ಹೇತುವಿನ ಹಿಂದೆ ಅಡಗಿದೆ. ಪಾತ್ರಕೇಸರಿ ಆಚಾರ್ಯರು ಮೂರು ಲಕ್ಷಣಗಳ ಲೆಕ್ಕವನ್ನೇ ಬಿಟ್ಟು, ಹೇತುವಿಗೆ ಅನ್ಯಥಾನುಪಪತ್ತಿಯೊಂದೇ ಲಕ್ಷಣವೆಂದರು. ಸಾಧ್ಯವಿಲ್ಲದೆ ಬೇರೆ ರೀತಿಯಲ್ಲಿ ಹೇತುವು ಒದಗಲಾರದು ಎಂಬುದು ಸಿದ್ಧವಾಗಬೇಕು. (ಈ ವಾದವನ್ನು ಮಂಡಿಸಿದ ಅವರ ಗ್ರಂಥ ಇಂದು ದೊರೆಯದು, ಬೌದ್ಧರಾದ ಶಾಂತರಕ್ಷಿತರು ಖಂಡಿಸಲೆಂದೇ ಅದನ್ನು ಎತ್ತಿಕೊಂಡಿದ್ದಾರೆ. ಎದುರಾಳಿಯ ಕಡತದಲ್ಲಿ ಉಳಿದ ದಾಖಲೆ!) ಪ್ರಾಚೀನರು ಆಧುನಿಕ ಸಂಖ್ಯಾಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಹೇಳಿ ಎದೆಯುಬ್ಬಿಸಿಕೊಳ್ಳುವ ಚಪಲ ನನಗಿಲ್ಲ. ಕಲ್ಲಿನ ಗಾತ್ರವು ಇಲ್ಲಿ ಉಪಾಧಿ ಎಂಬುದನ್ನು ಸೂಚಿಸುವುದಷ್ಟೇ ಉದ್ದೇಶ.

ಗಾತ್ರದಂತೆ ಉಪಾಧಿಯು ಗೊತ್ತಿದ್ದರೆ ಬೇರ್ಪಡಿಸಬಹುದು. ಗೊತ್ತಿಲ್ಲದಿದ್ದರೆ? ಮುಟ್ಟು ನಿಂತ ಸ್ತ್ರೀಯರಿಗೆ ಕೊಡುವ ಹಾರ್ಮೋನಿನ ವಿಷಯದಲ್ಲಿ ಇದು ಲಕ್ಷಾಂತರ ಜನರನ್ನು ಮುಟ್ಟಿತು. ಅಮೆರಿಕದ ದಾದಿಯರ ಆರೋಗ್ಯವನ್ನು ದೀರ್ಘಕಾಲ ಗಮನಿಸಿದ ಅಧ್ಯಯನವು 1991ರಲ್ಲಿ, ಹಾರ್ಮೋನು ಸೇವಿಸುವವರಲ್ಲಿ ಹೃದಯರೋಗ ಸುಮಾರು ಅರ್ಧದಷ್ಟು ಕಡಿಮೆ ಎಂದಿತು. 2002ರಲ್ಲಿ 16,608 ಸ್ತ್ರೀಯರನ್ನು ಆಯ್ಕೆಗೆ ಎಡೆಯಿಲ್ಲದಂತೆ, ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗವು ಹೃದಯರೋಗ ಶೇಕಡಾ 29ರಷ್ಟು ಹೆಚ್ಚೆಂದು ಹೇಳಿತು. ದಾಖಲೆಗಳೇ ಸುಳ್ಳೆಂದು ಅನೇಕರು ತೀರ್ಮಾನಿಸಿದರು. ಮಿಗೆಲ್ ಹರ್ನಾನ್ ಮತ್ತು ಸಂಗಡಿಗರು 2008ರಲ್ಲಿ ದಾದಿಯರ ಅದೇ ದಾಖಲೆಗಳನ್ನು ಬೇರೆ ಕ್ರಮದಲ್ಲಿ ಓದಿದರು. ಎಷ್ಟೋ ವರ್ಷಗಳಿಂದ ಸೇವಿಸುತ್ತ ಬದುಕುಳಿದವರನ್ನು ಎಣಿಸುವ ಬದಲು, ಸೇವನೆ ಆರಂಭವಾದ ದಿನದಿಂದಲೇ ಎಣಿಕೆ ತೊಡಗಿದರು. ಎರಡರ ನಡುವಣ ವೈರುಧ್ಯದ ಬಹುಭಾಗ ಕರಗಿತು. ಹಾಗಾದರೆ ದಾಖಲೆಯನ್ನು ತೆರೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕಾದ ಮಾತೊಂದಿದೆ: ಪ್ರಯೋಗ ಮಾಡಲು ಸಾಧ್ಯವಿದ್ದಿದ್ದರೆ ಯಾರನ್ನು, ಯಾವ ದಿನದಿಂದ, ಯಾರೊಡನೆ ಹೋಲಿಸುತ್ತಿದ್ದೆವು?

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಹರಿಹರದ ಸೇತುವೆಯನ್ನು ದಾಟಿದರೆ ಕುಮಾರಪಟ್ಟಣ. ಅದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದೆ. ನಡುವೆ ಇರುವುದು ತುಂಗಭದ್ರೆಯೊಂದೇ. 2010ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆರಂಭಿಸಿತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯರೋಗ, ಅರ್ಬುದ ಮೊದಲಾದ ದೊಡ್ಡ ರೋಗಗಳಿಗೆ ಉಚಿತ ಚಿಕಿತ್ಸೆ. ಮೊದಲು ಕಲಬುರಗಿ ವಿಭಾಗಕ್ಕೆ, ಬಳಿಕ ಬೆಳಗಾವಿ ವಿಭಾಗಕ್ಕೆ ಅದು ಬಂತು. ಬೆಂಗಳೂರು ಮತ್ತು ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಹಾವೇರಿ ಬೆಳಗಾವಿ ವಿಭಾಗದಲ್ಲಿದೆ, ದಾವಣಗೆರೆ ಬೆಂಗಳೂರು ವಿಭಾಗದಲ್ಲಿ. ಎರಡು ವರ್ಷಗಳ ಕಾಲ ಹೊಳೆಯ ಆಚೆಯ ಬಡವನಿಗೆ ದೊರೆತ ಶಸ್ತ್ರಚಿಕಿತ್ಸೆ ಈಚೆಯ ಬಡವನಿಗೆ ದೊರೆಯಲಿಲ್ಲ. ಇದು ಅನ್ಯಾಯವೇ. ಆದರೆ ಚೀಟಿ ಎತ್ತದೆಯೇ ಚೀಟಿ ಎತ್ತಿದಂತಾದ ಸನ್ನಿವೇಶವೂ ಹೌದು. ಯಾವ ವೈದ್ಯನೂ ರೋಗಿಯ ಸ್ಥಿತಿಯನ್ನು ನೋಡಿ ಮಾಡಿದ ಆಯ್ಕೆಯಲ್ಲ ಅದು.

ನೀರಜ್ ಸೂದ್, ಅರ್ನಬ್ ಮುಖರ್ಜಿ ಮತ್ತು ಸಹೋದ್ಯೋಗಿಗಳು ಈ ವಿಭಾಗಗಳ ಗಡಿಯನ್ನೇ ಹಿಡಿದು ನಡೆಸಿದ ಅಧ್ಯಯನ 2014ರಲ್ಲಿ ಮೇಲೆ ಹೇಳಿದ ಬ್ರಿಟಿಷ್ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಗಡಿಯ ಉತ್ತರದ 300 ಹಳ್ಳಿಗಳ 31,476 ಮನೆಗಳು, ದಕ್ಷಿಣದ 272 ಹಳ್ಳಿಗಳ 28,633 ಮನೆಗಳು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣ ಉತ್ತರದ ಬಡವರಲ್ಲಿ ಶೇಕಡಾ 0.32, ದಕ್ಷಿಣದ ಬಡವರಲ್ಲಿ 0.90. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಯ ಮೇಲಿನವರಲ್ಲಿ ಮಾತ್ರ ಎರಡೂ ಕಡೆ ಸಮಸಮ: 0.56 ಮತ್ತು 0.55.

ಈ ಕೊನೆಯ ಎರಡು ಅಂಕಿಗಳೇ ಅಧ್ಯಯನದ ನಿಜವಾದ ಬಲವೆಂಬುದು ನನ್ನ ಅಭಿಪ್ರಾಯ. ಈ ಗಡಿ ನಿನ್ನೆ ಮೊನ್ನೆ ಎಳೆದ ಗೆರೆಯಲ್ಲ. 1956ರವರೆಗೆ ಹರಿಹರ ಮೈಸೂರು ಸಂಸ್ಥಾನದ್ದು, ಹೊಳೆಯ ಆಚೆ ಮುಂಬಯಿ ಪ್ರಾಂತ್ಯ. ಜಗಳೂರಿನ ಆಚೆಯ ಕೂಡ್ಲಿಗಿ 1953ರವರೆಗೆ ಮದರಾಸಿನದ್ದು. ಶಾಲೆ, ರಸ್ತೆ, ಆಸ್ಪತ್ರೆಗಳೆಲ್ಲ ಬೇರೆ ಬೇರೆ ಆಡಳಿತಗಳಲ್ಲಿ ಬೆಳೆದವು. ಆ ಹಳೆಯ ಭೇದವೇ ಉಪಾಧಿಯಾಗಿದ್ದಿದ್ದರೆ ಅದು ಉಳ್ಳವರ ಮರಣದಲ್ಲಿಯೂ ಕಾಣಿಸಿಕೊಳ್ಳಬೇಕಿತ್ತು, ಕಾಣಿಸಲಿಲ್ಲ. ಇನ್ನು ನೆರೆಯ ಊರುಗಳಿಂದಲೂ ರೋಗಿಗಳು ಬರುವ ದಾವಣಗೆರೆಯ ಆಸ್ಪತ್ರೆಗಳು ಇರುವುದು ಗಡಿಯ ದಕ್ಷಿಣದಲ್ಲಿ. ಸಾಮೀಪ್ಯದ ಅನುಕೂಲವೇನಾದರೂ ಇದ್ದರೆ ಅದು ಈಚೆಯವರಿಗೇ.

ಇಷ್ಟನ್ನು ಒಪ್ಪಿದ ಮೇಲೂ ನನಗೆ ನುಂಗಲಾಗದ ತುತ್ತು ಉಳಿಯುತ್ತದೆ. ಉತ್ತರದ ಬಡವರ ಮರಣ 0.32, ಅದೇ ಹಳ್ಳಿಗಳ ಉಳ್ಳವರ ಮರಣ 0.56. ಕಾರ್ಡು ದೊರೆತ ಎರಡೇ ವರ್ಷಗಳಲ್ಲಿ ಬಡವನು ತನ್ನ ಊರಿನ ಉಳ್ಳವನಿಗಿಂತ ಹೃದಯರೋಗದಿಂದ ಸುರಕ್ಷಿತನಾದನೆ? ದುಡ್ಡಿದ್ದವನು ತಾನೇ ಆಸ್ಪತ್ರೆಗೆ ಹೋಗಬಹುದಾಗಿದ್ದಾಗ ಇದು ಹೇಗೆ ಒದಗುತ್ತದೆ? ಎರಡನೆಯದಾಗಿ, ಆಸ್ಪತ್ರೆಗಳ ಬಳಕೆ ಶೇಕಡಾ 44ರಷ್ಟು ಏರಿದಂತೆ ತೋರಿದರೂ, ಆ ಅಂಕಿಯ ವ್ಯಾಪ್ತಿ ಶೇಕಡಾ 5ರ ಇಳಿಕೆಯಿಂದ 90ರ ಏರಿಕೆಯವರೆಗೆ ಹಬ್ಬಿದೆ. ಏರಿದ್ದು ನಿಶ್ಚಯವೆಂದು ಲೇಖಕರೇ ಹೇಳುವುದಿಲ್ಲ. ಚಿಕಿತ್ಸೆ ಪಡೆದವರ ಸಂಖ್ಯೆ ಹೆಚ್ಚಿತೋ ಇಲ್ಲವೋ ತಿಳಿಯದಿರುವಾಗ ಮರಣ ಮಾತ್ರ ಮೂರನೆಯ ಒಂದು ಭಾಗದಷ್ಟಕ್ಕೆ ಕುಸಿದದ್ದನ್ನು ಹಾಗೆಯೇ ಸ್ವೀಕರಿಸುವುದು ಕಷ್ಟ. ಬಡವರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಎರಡೂ ದಂಡೆಗಳಲ್ಲಿ ಒಂದೇ ಬಗೆಯ ಬಡವರೆ ಎಂಬ ಸಂದೇಹವೂ ಇದೆ. ಪಡಿತರ ಚೀಟಿಯ ಕಥೆಯನ್ನು ಬಲ್ಲ ಯಾವ ಕನ್ನಡಿಗನಿಗೂ ಇದನ್ನು ವಿವರಿಸಬೇಕಿಲ್ಲ. ಯೋಜನೆಯಿಂದ ಪ್ರಾಣಗಳು ಉಳಿದಿರುವುದು ಸಂಭವನೀಯ. ಇಷ್ಟೊಂದು ಉಳಿದವೆಂಬುದನ್ನು ನಾನು ಒಪ್ಪಲಾರೆ.

ಇದಕ್ಕೆ ಎದುರಾಗಿ ಇನ್ನೊಂದು ಅಧ್ಯಯನವನ್ನು ತೋರಿಸುವವರಿದ್ದಾರೆ. ಅನುಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ 10,879 ಕುಟುಂಬಗಳಲ್ಲಿ, ನಿಜವಾಗಿಯೇ ಚೀಟಿ ಎತ್ತಿದಂತೆ ವಿಂಗಡಿಸಿ, ರಾಷ್ಟ್ರೀಯ ಸ್ವಾಸ್ಥ್ಯ ವಿಮೆಯನ್ನು ಪರೀಕ್ಷಿಸಿದರು. 2021ರಲ್ಲಿ ಹೊರಬಂದ ಅವರ ವರದಿಯಂತೆ ಆರೋಗ್ಯದಲ್ಲಿ ಹೇಳಿಕೊಳ್ಳುವಂತಹ ಸುಧಾರಣೆ ಬಹುತೇಕ ಕಾಣಲಿಲ್ಲ. ಹಾಗೆಂದು ಮೊದಲನೆಯದು ಸುಳ್ಳು, ಎರಡನೆಯದು ಸತ್ಯ ಎನ್ನುವುದು ಏಕಾಂತವಾದವೇ ಸರಿ. ಎರಡನೆಯ ವಿಮೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿಯ ಮಿತಿಯದು, ಸಾಮಾನ್ಯ ಆಸ್ಪತ್ರೆವಾಸಕ್ಕಾಗಿ. ಅದನ್ನು ಪಡೆದವರು ಬಡತನ ರೇಖೆಯ ಮೇಲಿನವರು. ಅನೇಕರಿಗೆ ಆಸ್ಪತ್ರೆಯಲ್ಲಿ ಕಾರ್ಡನ್ನು ಬಳಸಲೇ ಆಗಲಿಲ್ಲ. ಮೊದಲನೆಯದು ಹೃದಯ ಕೆಟ್ಟ ಬಡವನಿಗೆ ಶಸ್ತ್ರಚಿಕಿತ್ಸೆ ಕೊಟ್ಟದ್ದು. ಎರಡಕ್ಕೂ ವಿಮೆ ಎಂಬ ಒಂದೇ ಹೆಸರಿದ್ದ ಮಾತ್ರಕ್ಕೆ ಅವು ಒಂದೇ ಚಿಕಿತ್ಸೆಯಾಗುವುದಿಲ್ಲ. ಯಾವ ಅಪೇಕ್ಷೆಯಿಂದ, ಯಾರ ಕುರಿತು ಹೇಳಿದ್ದು ಎಂಬುದನ್ನು ಬಿಟ್ಟು ಪತ್ರಿಕೆಗಳ ಶೀರ್ಷಿಕೆಗಳು 'ವಿಮೆ ಪ್ರಾಣ ಉಳಿಸುತ್ತದೆ', 'ವಿಮೆ ನಿಷ್ಫಲ' ಎಂದು ಕೂಗುವಾಗ ನಯವಿವೇಕವು ಎಲ್ಲಿ ಉಳಿಯುತ್ತದೆ?

ಗಡಿಯ ಅಧ್ಯಯನದ ಬಗ್ಗೆ ನನ್ನ ಮುಖ್ಯವಾದ ಆಕ್ಷೇಪ ಮಾತ್ರ ಅದರ ಲೇಖಕರ ಮೇಲಲ್ಲ. ಅರುವತ್ತು ಸಾವಿರ ಮನೆಗಳ ಬಾಗಿಲು ತಟ್ಟಿ, ಯಾರು ಸತ್ತರು, ಏತರಿಂದ ಸತ್ತರು ಎಂದು ಕೇಳಬೇಕಾಯಿತು. ಆಸ್ಪತ್ರೆಗಳಿರುವ ನಾಡಿನಲ್ಲಿ ಆ ಉತ್ತರ ದುಃಖಿತರ ನೆನಪಿನಿಂದ ಬರಬೇಕಾಯಿತೇಕೆ? ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ. ಆದರೂ ಈ ನಗರದಲ್ಲಿ ಸಾಮಾನ್ಯ ರೋಗಿಯ ಚರಿತ್ರೆ ಇರುವುದು ಅವನ ಮನೆಯ ಕಪಾಟಿನ ಚೀಲದಲ್ಲಿ. ಗುಣವಾದವನು ಅದನ್ನು ಎಸೆಯುತ್ತಾನೆ. ಸತ್ತವನದನ್ನು ಮನೆಯವರು ಎಸೆಯುತ್ತಾರೆ. ಉಳಿಯುವುದು ಗುಣವೂ ಆಗದ, ಸಾಯಲೂ ಇಲ್ಲದ ನಡುವಣವರ ಚೀಲಗಳು ಮಾತ್ರ.

2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಚೀಲವನ್ನು ಗಣಕಯಂತ್ರಕ್ಕೆ ಸೇರಿಸಲು ಹೊರಟಿದೆ; ಪ್ರತಿಯೊಬ್ಬರಿಗೂ 14 ಅಂಕಿಗಳ ಆಭಾ ಸಂಖ್ಯೆ. ಸ್ವಾಗತಾರ್ಹವೇ. ಆದರೆ ರೋಗಿಯು ತನ್ನ ದೇಹದ ಗುಟ್ಟನ್ನು ವೈದ್ಯನಿಗೆ ಕೊಟ್ಟದ್ದು ತನ್ನ ಚಿಕಿತ್ಸೆಗಾಗಿ. ಅದನ್ನು ಕೇಳದೆ ಬೇರೊಂದು ಕಾರ್ಯಕ್ಕೆ, ಅದು ಲೋಕಹಿತವೇ ಆದರೂ, ತೆಗೆದುಕೊಂಡರೆ ಅದತ್ತಾದಾನದ ಪ್ರಶ್ನೆ ಏಳದಿರದು. ಕೌಂಟರಿನಲ್ಲಿ ನೋವಿನಿಂದ ನಿಂತವನ ಮುಂದೆ ಮೊಬೈಲನ್ನು ಹಿಡಿದು 'ಓಕೆ ಒತ್ತಿ' ಎನ್ನುವುದನ್ನು ನಾನು ಸಮ್ಮತಿಯೆಂದು ಕರೆಯಲಾರೆ. ಹೆಸರನ್ನು ಅಳಿಸಿ ಬಳಸುವುದು, ಬಳಸಿದ್ದರಿಂದ ತಿಳಿದದ್ದನ್ನು ಅವನ ಭಾಷೆಯಲ್ಲಿ ಅವನಿಗೆ ಮರಳಿ ಹೇಳುವುದು, ಇಷ್ಟಾದರೂ ನಡೆಯಬೇಕು.

ಆ ಸಂಜೆ ಹಿರಿಯರಿಗೆ ಲಂಡನ್ನಿನ ಅಂಕಿಗಳನ್ನು ಹೇಳಿದೆ. ಅವರು ಆಲೋಚಿಸಿ, "ಹಾಗಾದರೆ ನನ್ನ ಕಲ್ಲು ದೊಡ್ಡದಿತ್ತೋ ಏನೋ, ನೋಡಿ" ಎಂದರು. ಇಬ್ಬರೂ ಕುಳಿತು ಚೀಲದ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ ವರ್ಷವಾರು ಜೋಡಿಸಿದೆವು. ಬಿಲ್ಲುಗಳಲ್ಲಿ ಸೂಜಿ, ಹತ್ತಿಗಳ ಬೆಲೆ ಪೈಸೆ ಬಿಡದೆ ಇತ್ತು. ಶಸ್ತ್ರಚಿಕಿತ್ಸೆಯಾದ ವರ್ಷದ ಚೀಟಿಗಳು ಐದಿದ್ದವು. ಐದರಲ್ಲಿಯೂ 'ಕಲ್ಲು' ಎಂದಷ್ಟೇ ಬರೆದಿತ್ತು. ಎಷ್ಟು ದೊಡ್ಡದೆಂದು ಯಾವುದರಲ್ಲಿಯೂ ಇರಲಿಲ್ಲ.