ಊರ ಕೆರೆ, ಕೇರಿಯ ಬಾವಿ

'ಕಾರ್ಪೊರೇಟ್ ಜಾಲತಾಣಗಳನ್ನು ಬಿಟ್ಟು ಹೊರಬನ್ನಿ, ನಮ್ಮದೇ ಸಣ್ಣ ಸಣ್ಣ ಜಾಲಗಳನ್ನು ಕಟ್ಟಿಕೊಳ್ಳೋಣ' ಎಂಬ ಮಾತು ನಮ್ಮ ಪ್ರಗತಿಪರ ಗೆಳೆಯರಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನು ಕೊಂಡ ಮೇಲೆ ಈ ಮಾತಿಗೆ ಎಲ್ಲ ಕಡೆ ಬಲ ಬಂತು. ಹೊಸಪೇಟೆಯ ಸಭೆಗಳಲ್ಲೂ ಮಾಸ್ಟೊಡಾನ್ ಎಂಬ ಹೆಸರನ್ನು ಒಂದೆರಡು ಸಲ ಕೇಳಿದ್ದೇನೆ. ಈ ಕರೆಯನ್ನು, ಅದರ ಹಿಂದಿರುವ ನಿಯಮಾವಳಿಗಳನ್ನು ಒಂದು ಪಠ್ಯವಾಗಿ ಓದಬೇಕೆಂಬುದು ನನ್ನ ಆಸೆ. ದಲಿತ ವಿಮರ್ಶೆಯೆಂದರೆ ದಲಿತರು ಬರೆದ ಕಥೆ, ಕವಿತೆಗಳ ಗುಣದೋಷ ಎಣಿಸುವುದಷ್ಟೇ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕಾಣಲಿ. ಮನುಸ್ಮೃತಿಯೂ ಒಂದು ನಿಯಮಾವಳಿಯೇ. ಅದನ್ನು ಸರಿಯಾಗಿ ಓದಿದ್ದರಿಂದಲೇ ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅದನ್ನು ಸುಟ್ಟದ್ದು.

ಮಾಸ್ಟೊಡಾನನ್ನು 2016ರಲ್ಲಿ ಶುರುಮಾಡಿದವನು ಜರ್ಮನಿಯ ಯೂಜಿನ್ ರೋಚ್ಕೊ. ಇಡೀ ಜಾಲಕ್ಕೆ ಒಬ್ಬ ಮಾಲೀಕ ಅಂತಿಲ್ಲ. ಸಾವಿರಾರು ಸರ್ವರುಗಳಿವೆ, ಒಂದೊಂದೂ ಒಂದೊಂದು ಊರಿದ್ದ ಹಾಗೆ. ಊರು ನಡೆಸುವವರು ಹಾಕಿದ್ದೇ ಆ ಊರ ಕಟ್ಟಳೆ. ಒಂದೂರಿನವರು ಇನ್ನೊಂದೂರಿನವರ ಜೊತೆ ಮಾತಾಡಬಹುದು. ಬೇಡವೆನಿಸಿದರೆ ಊರಿಗೆ ಊರನ್ನೇ ಕಡಿದು ಹಾಕಲೂಬಹುದು. ಜಾಹೀರಾತಿಲ್ಲ. ಯಾರ ಮಾತು ಮೇಲೆ ಬರಬೇಕು, ಯಾರದು ಕೆಳಗೆ ಹೋಗಬೇಕೆಂದು ಒಳಗೊಳಗೇ ತೀರ್ಮಾನಿಸುವ ಕಂಪನಿಯ ಯಂತ್ರವೂ ಇಲ್ಲ.

ನಮ್ಮ ದೇಶದಿಂದ ಅಲ್ಲಿಗೆ ದೊಡ್ಡ ಗುಳೆ ಹೊರಟದ್ದು ಮಸ್ಕ್ ಬರುವುದಕ್ಕೂ ಮೂರು ವರ್ಷ ಮೊದಲು, 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ನಾಜಿ ಸೆಲ್ಯೂಟಿಗೆ ಕೈ ಎತ್ತದೆ ನಿಂತ ಆಗಸ್ಟ್ ಲಾಂಡ್‌ಮೆಸರನ ಹಳೆಯ ಫೋಟೋ ಹಾಕಿದ್ದೇ ಅದಕ್ಕೆ ನೆಪ. ಗುಳೆಯ ಕಥೆಯನ್ನು ಇಂಗ್ಲಿಷ್ ಪತ್ರಿಕೆಗಳು ಹೆಚ್ಚಾಗಿ ಇಲ್ಲಿಂದಲೇ ಹೇಳಿದವು. ಅದೇ ದಿನಗಳಲ್ಲಿ ಪತ್ರಕರ್ತ ದಿಲೀಪ್ ಮಂಡಲರ ಖಾತೆಗೆ ನಿರ್ಬಂಧ ಬಿದ್ದಿತ್ತು. ನೀಲಿ ಟಿಕ್ ಮಾರ್ಕನ್ನು ಯಾವ ಜಾತಿಯವರಿಗೆ ಕೊಡುತ್ತೀರಿ, ಯಾರಿಗೆ ಇಲ್ಲ ಎಂದು ದಲಿತ-ಬಹುಜನರು ಕಂಪನಿಯನ್ನು ನೇರವಾಗಿ ಕೇಳುತ್ತಿದ್ದರು. ಮೊದಲನೆಯದು ವಾಕ್ ಸ್ವಾತಂತ್ರ್ಯದ ಪ್ರಶ್ನೆ, ಎರಡನೆಯದು ಮಾನ್ಯತೆ ಹಂಚುವ ಯಜಮಾನಿಕೆಯ ಪ್ರಶ್ನೆ. ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದರಿಂದ ಎರಡನೆಯದು ಕಾಣದೇ ಹೋಯಿತು. ಆ ಟಿಕ್ಕಿನ ಗತಿಯೂ ತಮಾಷೆಯದೇ. 2023ರ ಫೆಬ್ರವರಿಯಲ್ಲಿ ಅದನ್ನು ತಿಂಗಳಿಗೆ 650 ರೂಪಾಯಿಗೆ ಮಾರಾಟಕ್ಕಿಟ್ಟರು. ಹುಟ್ಟಿನಿಂದ ಸಿಗದದ್ದು ದುಡ್ಡಿಗೆ ಸಿಕ್ಕಿತು, ಆದರೆ ಅಷ್ಟು ಹೊತ್ತಿಗೆ ಅದರ ಮರ್ಯಾದೆಯೇ ಹೋಗಿತ್ತು.

ಈಗ 'ವಿಕೇಂದ್ರೀಕರಣ' ಎಂಬ ಪದಕ್ಕೆ ಬರುತ್ತೇನೆ. ನಮಗಿದು ಹೊಸ ಪದವೇನಲ್ಲ, ಗ್ರಾಮಸ್ವರಾಜ್ಯದ ಹೆಸರಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಅಂಬೇಡ್ಕರರು ಹಳ್ಳಿಯ ವೈಭವೀಕರಣವನ್ನು ಮುಲಾಜಿಲ್ಲದೆ ತಳ್ಳಿಹಾಕಿದರು. ಸಣ್ಣತನ, ಅಜ್ಞಾನ, ಕೋಮುಭಾವನೆಗಳ ಗೂಡಲ್ಲದೆ ಹಳ್ಳಿ ಇನ್ನೇನು ಎಂದು ಕೇಳಿದರು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಅಧಿಕಾರ ದಿಲ್ಲಿಯಲ್ಲಿದ್ದರೆ ಕೇಡು, ಊರ ಚಾವಡಿಗೆ ಬಂದರೆ ಒಳಿತು ಎನ್ನುವುದು ಚಾವಡಿಯ ಕಟ್ಟೆ ಮೇಲೆ ಕೂರುವವರ ತತ್ವ; ಕಟ್ಟೆಯ ಕೆಳಗೆ ನಿಂತವನಿಗೆ ದಿಲ್ಲಿಗಿಂತ ಚಾವಡಿಯೇ ಹೆಚ್ಚು ಭಯ. ದಿಲ್ಲಿಯ ಕಾಯ್ದೆಗೆ ಅವನ ಮುಖ ಗೊತ್ತಿಲ್ಲ, ಚಾವಡಿಗೆ ಅವನ ಅಪ್ಪನ ಹೆಸರೂ ಗೊತ್ತು. ಒಂದು ಸರ್ವರ್ ಇನ್ನೊಂದನ್ನು ಕಡಿದುಹಾಕುವುದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ಬಹಿಷ್ಕಾರ. 2019ರಲ್ಲಿ ಬಿಳಿಯ ಜನಾಂಗವಾದಿಗಳ ನೆಲೆಯಾಗಿದ್ದ ಗ್ಯಾಬ್ ಈ ಜಾಲದ ತಂತ್ರಾಂಶವನ್ನು ಎತ್ತಿಕೊಂಡಾಗ ಬಹುಪಾಲು ಸರ್ವರುಗಳು ಅದನ್ನು ಹೊರಗಿಟ್ಟವು. ಒಳ್ಳೆಯದೇ ಆಯಿತು. ಅದೇ ಕತ್ತಿ ನಮ್ಮ ಮೇಲೆ ಬಿದ್ದರೆ ದೂರು ಕೊಡುವುದು ಯಾವ ಕೋರ್ಟಿಗೆ?

2022ರ ಕೊನೆಯಲ್ಲಿ ಅಮೆರಿಕದ ಕಪ್ಪು ಜನ ಅಲ್ಲಿಗೆ ಹೋದಾಗ ಆದದ್ದನ್ನು ನಾವು ಗಮನಿಸಬೇಕು. ಜನಾಂಗೀಯ ಅವಮಾನದ ಬಗ್ಗೆ ಬರೆದವರಿಗೆ ಅಲ್ಲಿ ಮೊದಲೇ ನೆಲೆಸಿದ್ದ ಸಜ್ಜನರು ಹೇಳಿದ್ದು, 'ಇಂಥದ್ದನ್ನು ಎಚ್ಚರಿಕೆಯ ಪರದೆ ಹಾಕಿ ಬರೆಯಿರಿ, ಓದುವವರ ಮನಸ್ಸಿಗೆ ಹಿಂಸೆಯಾಗುತ್ತದೆ.' ಬೈದವರಲ್ಲ ಇವರು, ಬಹಳ ಮೆತ್ತಗೆ ಮಾತಾಡುವ ಜನ. ಕನ್ನಡ ವಿಮರ್ಶೆಗೂ ಈ ದನಿ ಚೆನ್ನಾಗಿ ಗೊತ್ತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ 'ಆಕ್ರೋಶ ಸರಿ, ಆದರೆ ಕಲೆಯೆಲ್ಲಿ? ಇದು ಘೋಷಣೆಯಲ್ಲವೇ?' ಎಂದು ಕೇಳಿದವರೂ ಮೆತ್ತಗಿನ ಜನರೇ. ನೋವಿಗೆ ಹೊದಿಕೆ ಹೊದಿಸಿ ತಾ ಎನ್ನುವ ಈ ಸೌಜನ್ಯ ಕಂಪನಿಗಳ ಜಾಲದಲ್ಲೂ ಇದೆ. ಸಣ್ಣ ಸಮುದಾಯದಲ್ಲಿ ಅದು ಊರ ರೀತಿಯೇ ಆಗಿಬಿಡುತ್ತದೆ, ಎದುರಾಡಿದವನು ಜಗಳಗಂಟನಾಗುತ್ತಾನೆ.

ನಿಯಮಾವಳಿಗೆ ಬರೋಣ. 2019ರಲ್ಲಿ ಮಾಸ್ಟೊಡಾನ್ ಸರ್ವರುಗಳಿಗೆಂದು ಒಂದು ಒಡಂಬಡಿಕೆ ಬಂತು. ಅದರಲ್ಲಿ ತಡೆಯಬೇಕಾದ ದ್ವೇಷಗಳೆಂದು ಹೆಸರಿಸಿದ್ದು ನಾಲ್ಕು: ಜನಾಂಗದ್ವೇಷ, ಲಿಂಗತಾರತಮ್ಯ, ಸಲಿಂಗಿಗಳ ದ್ವೇಷ, ಲಿಂಗಾಂತರಿಗಳ ದ್ವೇಷ. ಜಾತಿ ಇಲ್ಲ. ರೋಚ್ಕೊನ ಮೂಲ ಸರ್ವರಿನ ನಿಯಮಗಳಲ್ಲಿ ಜಾತೀಯತೆಯೂ ಕೂಡದೆಂಬ ಮಾತು ಮುಂದೆ ಸೇರಿತು. ಹಾಗೆ ಸೇರಿದ್ದನ್ನು ಸಣ್ಣ ಗೆಲುವೆಂದೇ ನಾನು ಎಣಿಸುತ್ತೇನೆ, ಯಾಕೆಂದರೆ ಹೆಸರಿಲ್ಲದ ಅಪರಾಧಕ್ಕೆ ದೂರೂ ಇರುವುದಿಲ್ಲ.

ಹೆಸರಿಟ್ಟರೂ ಗುರುತಿಸುವವರು ಬೇಕಲ್ಲ? ಕನ್ನಡದ ಜಾತಿನಿಂದನೆ ಬೈಗುಳದಲ್ಲಿರುವುದಕ್ಕಿಂತ ಹೆಚ್ಚಾಗಿ ಗಾದೆಯಲ್ಲಿದೆ, ಸಲೀಸು ಮಾತಿನಲ್ಲಿದೆ. 2023ರ ಆಗಸ್ಟಿನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ಲೈವ್‌ನಲ್ಲಿ ಊರಿದ್ದಲ್ಲಿ ಹೊಲಗೇರಿ ಇರುತ್ತದೆಂಬ ಅರ್ಥದ ಗಾದೆ ಆಡಿದರು. ಟೀಕೆ ಮಾಡುವವರು ಎಲ್ಲ ಕಡೆ ಇರುತ್ತಾರೆ ಅನ್ನೋದಕ್ಕೆ ಹೊಲಗೇರಿಯೇ ಉಪಮೆಯಾಯಿತು. ಆಮೇಲೆ ವಿಡಿಯೋ ತೆಗೆದರು, ಕ್ಷಮೆ ಕೇಳಿದರು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ದಾಖಲಾದ ಪ್ರಕರಣಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಕೋರ್ಟಿನ ಮಾತು ಕೋರ್ಟಿಗಿರಲಿ, ನನ್ನ ಕುತೂಹಲ ಬೇರೆ. ಈ ಗಾದೆಯಲ್ಲಿ ನಿಂದನೆ ಇದೆಯೆಂದು ಕ್ಯಾಲಿಫೋರ್ನಿಯಾದ ಯಂತ್ರ ಹಿಡಿಯಲಾರದು, ಬರ್ಲಿನ್ನಿನ ಸ್ವಯಂಸೇವಕನೂ ಹಿಡಿಯಲಾರ. ಹಿಡಿದವರು ಹೊಲಗೇರಿಯಿಂದ ಬಂದವರು. ಅವರು ಹೋಗಿ ನಿಂತದ್ದು ಪೊಲೀಸ್ ಠಾಣೆಯ ಮುಂದೆ, ಕೈಯಲ್ಲಿ ಹಿಡಿದದ್ದು ಈ ದೇಶದ ಕಾಯ್ದೆಯನ್ನು.

ಹಾಗಾದರೆ ಕಂಪನಿಯ ಅಂಗಳದಲ್ಲೇ ಇರೋಣವೇ? ಬಾಬಾಸಾಹೇಬರ ಬದುಕಿನಲ್ಲಿ ಇದಕ್ಕೆ ಎರಡು ಉತ್ತರಗಳಿವೆ. 1920ರ ಜನವರಿ 31ರಂದು 'ಮೂಕನಾಯಕ' ಹೊರಟಿತು. ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತನ್ನು 'ಕೇಸರಿ' ಹಾಕಿಕೊಳ್ಳಲಿಲ್ಲ. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಸ್ವಂತ ಪತ್ರಿಕೆಯಿಲ್ಲದೆ ಸ್ವಂತ ಮಾತಿಲ್ಲ. ಏಳು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಅದೇ ಮನುಷ್ಯ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ನಿಮ್ಮ ಕೇರಿಗೆ ಬೇರೆ ಬಾವಿ ತೋಡಿಸಿಕೊಡ್ತೀವಿ, ಊರ ಕೆರೆಗೆ ಬರಬೇಡಿ ಎಂಬುದು ಸವರ್ಣರ ಹಳೆಯ ರಾಜಿಸೂತ್ರ. ಕೆರೆ ಸಾರ್ವಜನಿಕರದೆಂದು ಹೈಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಹೋರಾಡಬೇಕಾಯಿತು. ಪತ್ರಿಕೆಯನ್ನು ಕಟ್ಟಿದವರು ಕೆರೆಯನ್ನೂ ಬಿಡಲಿಲ್ಲ. ಈಗಿನ 'ಹೊರಬನ್ನಿ' ಕರೆಯಲ್ಲಿ ನನಗೆ ಮೂಕನಾಯಕ ಕೇಳಿಸುತ್ತದೆ, ಚವದಾರ್ ಕೇಳಿಸುವುದಿಲ್ಲ.

ಇದು ಬರೀ ಚರಿತ್ರೆಯ ಮಾತಲ್ಲ. ಸಂಡೂರು, ಕಂಪ್ಲಿ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳು ಈ ಗುಳೆಯನ್ನು ಯಾವ ಸಿದ್ಧಾಂತವೂ ಇಲ್ಲದೆ ಆಗಲೇ ಮಾಡಿ ಮುಗಿಸಿದ್ದಾರೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಜಾತ್ರೆಯ ಫೋಟೋಗೆ ನೂರು ಕೈಮುಗಿಯುವ ಚಿತ್ರ ಬೀಳುತ್ತವೆ, ಏಪ್ರಿಲ್ 14ರ ಫೋಟೋಗೆ ಒಂದೂ ಇಲ್ಲ. ಹಾಗಾಗಿ ಕೇರಿ ಹುಡುಗರು ಹೊರಬಂದು ತಮ್ಮದೇ ಗ್ರೂಪು ಮಾಡಿಕೊಂಡರು. ಅಲ್ಲಿ ಅವರ ಭಾಷೆಯೇ ಬೇರೆ. ಹಾಡುತ್ತಾರೆ, ಜಗಳಾಡುತ್ತಾರೆ, ಕವಿತೆ ಬರೆಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಕಂಪ್ಲಿ ಇರುವುದು ಕೆಳದಂಡೆಯಲ್ಲಿ. 'ಊರಿನ ಗ್ರೂಪಿನಾಗ ರಾತ್ರೀನೇ ಬಂದಿತ್ರೀ ಸರ, ನಮ್ಮ ಗ್ರೂಪಿಗೆ ಮುಂಜಾನೆ ಬಂತು' ಎಂದ ಒಬ್ಬ ಹುಡುಗ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದ ಅಷ್ಟೆ.

ಸಣ್ಣದು ಉಳಿಯುವುದೂ ಕಷ್ಟ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಕ್ಷರ ಕಲಿಯದೆ ಕಂಪ್ಲಿಯ ಕುಮಾರರಾಮನ ಕಥೆಯನ್ನೂ ಬುರ್ರಕಥೆಯ ಇನ್ನಷ್ಟು ಕಾವ್ಯಗಳನ್ನೂ ತಲೆಯಲ್ಲಿ ಹೊತ್ತಿದ್ದರು. ಮಾಲೀಕನಿಲ್ಲದ, ಕೇಂದ್ರವಿಲ್ಲದ ಜಾಲವೆಂದರೆ ಅದೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. 2014ರಲ್ಲಿ ಅವರು ಹೋದಾಗ, ಬರೆದು ಉಳಿಸಿದಷ್ಟು ಉಳಿಯಿತು. ಕಂಪನಿಯದಾದರೆ ಭದ್ರ ಎಂದೇನಲ್ಲ. 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ಬೆಂಗಳೂರಿನ 'ಕೂ' 2024ರ ಜುಲೈನಲ್ಲಿ ಅಂಗಡಿ ಮುಚ್ಚಿತು. ಮಾಸ್ಟೊಡಾನಿನ ಒಡಂಬಡಿಕೆಯಲ್ಲಿ ನನಗೆ ಹಿಡಿಸಿದ ಒಂದು ಮಾತೆಂದರೆ, ಮುಚ್ಚುವ ಮೂರು ತಿಂಗಳು ಮೊದಲೇ ಊರಿನವರಿಗೆ ಹೇಳಬೇಕೆಂಬುದು.

ಈ ಭಾಗದಲ್ಲಿ ಕನ್ನಡದ ಸರ್ವರೊಂದನ್ನು ಕಟ್ಟುವುದಾದರೆ ಅದರ ಕಟ್ಟಳೆ ಕನ್ನಡದಲ್ಲೇ ಇರಲಿ, ಜಾತಿ ಎಂಬ ಪದ ಮೊದಲ ಸಾಲಿನಲ್ಲೇ ಬರಲಿ. ಯಾವ ಯಾವ ಗಾದೆ ನಿಂದನೆ ಎಂಬ ಪಟ್ಟಿಯನ್ನು ಕೇರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬರೆಯಬೇಕು. ಅವರಷ್ಟು ಕೇಳಿಸಿಕೊಂಡವರು ಬೇರೆ ಯಾರೂ ಇಲ್ಲ. ಸರ್ವರ್ ನಡೆಸುವವನ ತೀರ್ಪಿನ ಮೇಲೆ ಅಪೀಲು ಹೋಗಲು ಅವನ ಗೆಳೆಯರಲ್ಲದ ಇನ್ನೊಂದು ಜಾಗ ಬೇಕು. ಊರ ಗ್ರೂಪನ್ನು ಬಿಟ್ಟುಬನ್ನಿ ಎಂದು ಮಾತ್ರ ನಾನು ಆ ಹುಡುಗರಿಗೆ ಹೇಳಲಾರೆ. ಇನ್ನು ತಿಂಗಳ ಬಾಡಿಗೆ ಯಾರು ಕಟ್ಟಬೇಕು ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಈವರೆಗೆ ಯಾರೂ ಎತ್ತಿಲ್ಲ.